ಅಕ್ಕನ ಅಧಿಕೃತ ಪ್ರತಿ

ದಾಖಲೆ ಕೋಣೆಯ ಅಕ್ಕನನ್ನು ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ, ಜಂಟಿ ಸಮಿತಿಯ ಸರ್ವಾನುಮತದ ತೀರ್ಮಾನದಂತೆ, ವಿದ್ಯುನ್ಮಾನ ದಾಖಲೆ ಎಂದು ಘೋಷಿಸಲಾಯಿತು.

ಇದರಲ್ಲಿ ಯಾರ ತಪ್ಪೂ ಇಲ್ಲ. ಕಡತಗಳೆಲ್ಲ ಕಂಪ್ಯೂಟರಿಗೆ ಸೇರಿದ ಮೇಲೆ ದಾಖಲೆ ವಿಭಾಗದವರು ಕಾಗದಗಳನ್ನು ನಿಯಮದಂತೆ ಸುಟ್ಟರು. ಹೊಸ ಕಂಪ್ಯೂಟರು ಬಂದ ಮೇಲೆ ಕಂಪ್ಯೂಟರ್ ವಿಭಾಗದವರು ಹಳೆಯದನ್ನು ನಿಯಮದಂತೆ ಗುಜರಿಗೆ ಹಾಕಿದರು. ಒಬ್ಬರಿಗೊಬ್ಬರು ತಿಳಿಸಬೇಕೆಂದು ನಿಯಮದಲ್ಲಿರಲಿಲ್ಲ. ಆ ವರ್ಷ ಎರಡೂ ವಿಭಾಗಕ್ಕೆ ಅತ್ಯುತ್ತಮ ಸೇವೆಯ ಫಲಕ ಸಿಕ್ಕಿತು. ಫಲಕಗಳು ಈಗಲೂ ಭದ್ರವಾಗಿವೆ.

ಕಡತಗಳು ಉಳಿದದ್ದು ಅಕ್ಕನ ತಲೆಯಲ್ಲಿ. ಮೂವತ್ತನಾಲ್ಕು ವರ್ಷ ಅವನ್ನು ಹೊತ್ತು, ಇಳಿಸಿ, ಧೂಳು ಕೊಡವಿ, ಬಿಡುವಾದಾಗ ಕತೆಪುಸ್ತಕದಂತೆ ಓದಿದ್ದಳು. ತಿಂಗಳ ಕೊನೆಗೆ ಅವಳ ನಿವೃತ್ತಿ. ಅಕ್ಕ ತಂಗಿ ಸೇರಿ ಎರಡು ಕೋಣೆಯ ಮನೆ ಗೊತ್ತು ಮಾಡಿದ್ದರು. ಕಿಟಕಿ ಪಕ್ಕದ ಮಂಚ ಯಾರಿಗೆ ಎಂಬ ಜಗಳವೂ ಶುರುವಾಗಿತ್ತು.

“ಕಡತ ನಾನೂರ ಹನ್ನೊಂದು?” ಎಂದು ಸಮಿತಿಯ ಎದುರು ಕಂಪ್ಯೂಟರ್ ಎಂಜಿನಿಯರ್ ಪರೀಕ್ಷಿಸಿದ್ದ.

“ಮಾರುಕಟ್ಟೆ ಹಿಂದಿನ ಚರಂಡಿ. ಮೂರು ಪುಟ. ಕೊನೇ ಪುಟದಲ್ಲಿ ಚಹಾ ಕಲೆ, ನಿಮ್ಮ ಹಳೇ ಸಾಹೇಬರ ಲೋಟದ್ದು.”

“ಎರಡೇ ಸೆಕೆಂಡು! ಕರೆಂಟೂ ಬೇಡ!”

ದಾಖಲೆ ವಿಭಾಗದ ಮೇಲ್ವಿಚಾರಕರ ಕಣ್ಣಲ್ಲಿ ನೀರಾಡಿತು. ಇಪ್ಪತ್ತು ವರ್ಷದಲ್ಲಿ ಎರಡೂ ವಿಭಾಗ ಒಪ್ಪಿದ ಮೊದಲ ವಿಷಯ ಇದು.

ಕೂಡಲೇ ಸುತ್ತೋಲೆ ಹೊರಟಿತು: “ಸದರಿ ದಾಖಲೆಯನ್ನು ಹದಿನೆಂಟು ಡಿಗ್ರಿ ತಂಪಿನಲ್ಲಿ ಇಡತಕ್ಕದ್ದು. ನೇರ ಬಿಸಿಲು ತಾಗಿಸತಕ್ಕದ್ದಲ್ಲ. ಹೊಸ ಸುದ್ದಿ ಹೇಳಿ, ಹಳೆಯದು ಅಳಿಸಿಹೋಗುವಂತೆ ಮಾಡತಕ್ಕದ್ದಲ್ಲ.” ಅಕ್ಕನ ರಟ್ಟೆಗೆ ಸಂಖ್ಯೆಯ ಚೀಟಿ ಅಂಟಿಸಿದರು. ಓರೆಯಾಗಿದೆ ಎಂದು ಅವಳೇ ಕಿತ್ತು ನೆಟ್ಟಗೆ ಅಂಟಿಸಿಕೊಂಡಳು.

“ಅಲ್ಲಪ್ಪಾ, ಮೂವತ್ತಕ್ಕೆ ನನ್ನ ನಿವೃತ್ತಿ ಇದೆಯಲ್ಲ?”

“ನಿವೃತ್ತಿ ನೌಕರರಿಗೆ ಅಕ್ಕಾ,” ಎಂಜಿನಿಯರ್ ವಿನಯದಿಂದ ಅಂದ. “ದಾಖಲೆಗೆ ವಿಲೇವಾರಿ ಅಂತ ಇರತ್ತೆ.”

“ಹಾಗಾದ್ರೆ ಅದನ್ನೇ ಮಾಡಿ.”

“ಪ್ರತಿ ತೆಗೆಯದೆ ಮೂಲವನ್ನು ಹೊರಗೆ ಬಿಡೋ ಹಾಗಿಲ್ಲಮ್ಮ,” ಅಂದರು ಮೇಲ್ವಿಚಾರಕರು.

ಅಕ್ಕ ಹಟ ಬಿಡುವವಳಲ್ಲ. ಮರುದಿನವೇ ತಂಗಿಯನ್ನು ಕರೆತಂದು, ಶಾಲು ಹೊದಿಸಿ, ಎದುರು ಕೂರಿಸಿಕೊಂಡಳು. ಹದಿನೇಳು ದಿನ ಬಾಯಿಪಾಠ ನಡೆಯಿತು.

“ಸಾಹೇಬರು ಚಹಾ ಒರೆಸಲಿಲ್ವಾ?”

“ಕಡತದಲ್ಲಿ ಇಲ್ಲದ್ದು ಕೇಳಬೇಡ ಕಣೇ!”

“ಕೇಳಿದ್ರೆ ತಾನೇ ನೆನಪಿರೋದು. ನಿನ್ ಥರ ಒಣ ತಲೆ ಅಲ್ಲ ನಂದು.”

ಕೊನೆಗೆ ಎಂಜಿನಿಯರ್ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ತಾಳೆ ನೋಡಿದ. ಒಂದಕ್ಷರ ವ್ಯತ್ಯಾಸವಿರಲಿಲ್ಲ. ನಾನೂರ ಹನ್ನೊಂದರಲ್ಲಿ ಅಕ್ಕನ “ಕೇಳಬೇಡ ಕಣೇ” ಬೈಗುಳ ಕೂಡ ಸರಿಯಾದ ಜಾಗದಲ್ಲೇ ಬಂದಿತ್ತು. ಮೇಲ್ವಿಚಾರಕರು ತಂಗಿಗೆ ಮೊಹರಿನ ಚೀಟಿ ಅಂಟಿಸಿದರು.

ಅಕ್ಕ ಚೀಲ ಹೆಗಲಿಗೇರಿಸಿದಳು. “ಬಾರೇ, ಮನೆಗೆ ಹೋಗೋಣ.”

“ಇಬ್ಬರೂ ಒಂದೇ ಮನೆಗಾ?” ಎಂಜಿನಿಯರ್ ಬೆಚ್ಚಿಬಿದ್ದ. “ಮೂಲ, ಪ್ರತಿ ಎರಡೂ ಒಂದೇ ಸೂರಿನಡಿ ಇಟ್ಟು, ನಾಳೆ ಬೆಂಕಿ ಬಿದ್ರೆ? ಕನಿಷ್ಠ ನಲವತ್ತು ಕಿಲೋಮೀಟರ್ ದೂರ ಇರಬೇಕು ಅಕ್ಕಾ.”

“ಮೇಲಾಗಿ ಆ ಮನೆಗೆ ಕಿಟಕಿ ಬೇರೆ ಇದೆ,” ಎಂದು ಮೇಲ್ವಿಚಾರಕರು ಆತಂಕಪಟ್ಟರು.

ತಂಗಿಯನ್ನು ನಲವತ್ತೊಂದನೇ ಕಿಲೋಮೀಟರಿನ ಉಪಕಚೇರಿಯಲ್ಲಿ ಇರಿಸಲಾಯಿತು. ಕಿಟಕಿ ಪಕ್ಕದ ಮಂಚ ಅವಳಿಗೇ ಸಿಕ್ಕಿತು. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದರು.

ದಾಖಲೆ ಕೋಣೆಯಲ್ಲೇ ಉಳಿದ ಅಕ್ಕ ಸುಮ್ಮನಿರಲಿಲ್ಲ. ಮೂರು ಪುಟದ ದೂರು ಬರೆದು ಮೇಲ್ವಿಚಾರಕರ ಮೇಜಿನ ಮೇಲಿಟ್ಟಳು. ಅವರು ಓದಿ, ಮರುಗಿ, ಅದರ ಮೇಲೆ ಚಹಾ ಲೋಟ ಇಟ್ಟು, ಸಂಖ್ಯೆ ಕೊಟ್ಟು ಕಂಪ್ಯೂಟರಿಗೆ ಏರಿಸಿದರು. ಕಾಗದವನ್ನು ನಿಯಮದಂತೆ ಸುಟ್ಟರು. ಮುಂದಿನ ವಾರ ಹೊಸ ಕಂಪ್ಯೂಟರು ಬಂತು.

ಈಗ ಪ್ರತಿ ತಿಂಗಳು ಸಮಿತಿ ತಪಾಸಣೆಗೆ ಬರುತ್ತದೆ. ದೂರಿನ ಸಂಖ್ಯೆ ಕೇಳಿದ ಕೂಡಲೇ ಅಕ್ಕ ಎದ್ದು ನಿಂತು, “ಮಾನ್ಯರೇ” ಇಂದ ಹಿಡಿದು “ನನ್ನನ್ನು ತಂಗಿಯ ಜತೆ ಮನೆಗೆ ಕಳಿಸಿಕೊಡಿ” ವರೆಗೆ ಒಂದಕ್ಷರ ಬಿಡದೆ ಹೇಳುತ್ತಾಳೆ. ಸಮಿತಿಯವರು ಕಣ್ಣುಮುಚ್ಚಿ ಕೇಳಿ, ತಲೆದೂಗಿ, “ದಾಖಲೆ ಸುಸ್ಥಿತಿಯಲ್ಲಿದೆ” ಎಂದು ಬರೆಯುತ್ತಾರೆ.

“ಕೊನೇ ಪುಟದ ಚಹಾ ಕಲೆ ಬಿಟ್ಟಿರಿ,” ಎಂದು ಅಕ್ಕ ಗದರುತ್ತಾಳೆ. ಅವರು ನಾಚಿಕೊಂಡು ಅದನ್ನೂ ಸೇರಿಸಿಕೊಳ್ಳುತ್ತಾರೆ.