ನಾಲ್ಕನೇ ಮಹಡಿಯ ಉಚಿತ ತಪಾಸಣೆ

ಬಡವರ ಬಡಾವಣೆಯ ಧೂಮಪಾನಿಗಳ ಶ್ವಾಸಕೋಶದ ಬಗ್ಗೆ ಇಲಾಖೆಗೆ ತೀವ್ರ ಕಾಳಜಿಯಿತ್ತು. ಸದರಿ ಕಾಳಜಿಯ ಕಚೇರಿ ನಾಲ್ಕನೇ ಮಹಡಿಯಲ್ಲಿತ್ತು. ಲಿಫ್ಟು ಸಿಬ್ಬಂದಿಗೆ ಮಾತ್ರ.

ಬಣ್ಣದ ಮೇಸ್ತ್ರಿ ಮೂವತ್ತೆರಡು ವರ್ಷ ಬೀಡಿ ಸೇದಿದವನು. ಈಗ ಏಣಿಯ ಐದನೇ ಮೆಟ್ಟಿಲಿಗೇ ಏದುಸಿರು. "ಕೆಮ್ಮಿ ಕೆಮ್ಮಿ ಅರ್ಧ ಆಗಿದ್ದೀರಿ, ಏಳಿ," ಎಂದು ಹೆಂಡತಿ ಹೊಲಿಗೆ ಕೆಲಸ ಬಿಟ್ಟು ಅವನನ್ನು ಹೊರಡಿಸಿಕೊಂಡು ಬಂದಳು.

ಕ್ಯಾನ್ಸರ್ ಪತ್ತೆಹಚ್ಚುವ ಸ್ಕ್ಯಾನ್ ಗಾಡಿ ಕಟ್ಟಡದ ಮುಂದೆಯೇ ನಿಂತಿತ್ತು. "ಎರಡು ನಿಮಿಷದ ಕೆಲಸ. ಮೇಲಿಂದ ಚೀಟಿ ತನ್ನಿ," ಎಂದಳು ನರ್ಸ್.

ಮೇಸ್ತ್ರಿ ಎರಡನೇ ಮಹಡಿಯಲ್ಲಿ ಗೋಡೆ ಹಿಡಿದ. ಮೂರನೆಯದರಲ್ಲಿ ಕುಸಿದು ಕೂತ. ಅಲ್ಲಿ ಆಗಲೇ ಏಳು ಜನ ಕೂತಿದ್ದರು.

"ಬಾರಣ್ಣ, ನಾವೂ ಇಲ್ಲೀತನಕ ಬಂದವರೇ," ಎಂದು ಒಬ್ಬ ಮುದುಕ ಜರುಗಿ ಜಾಗ ಕೊಟ್ಟ.

ಹೆಂಡತಿ ಒಬ್ಬಳೇ ಮೇಲೆ ಹೋದಳು.

"ಸೇದೋದು ನೀವಾ?" ಅಧಿಕಾರಿ ಕೇಳಿದರು.

"ನಮ್ಮ ಯಜಮಾನ್ರು ಸಾರ್. ಹತ್ತೋಕೆ ಉಸಿರಿಲ್ಲ, ಕೆಳಗೆ ಕೂತಿದ್ದಾರೆ."

"ಅರ್ಜಿದಾರರು ಖುದ್ದಾಗಿ ಹಾಜರಾಗತಕ್ಕದ್ದು."

ಅವಳು ಬಿಡುವ ಹೆಂಗಸಲ್ಲ. ಗಂಡನ ಜೊತೆ ಕೆಲಸ ಮಾಡುವವರನ್ನು ಕರೆಸಿದಳು. ಅವರು ಮೇಸ್ತ್ರಿಯನ್ನು ಕೆಳಗಿಳಿಸಿ, ಹಲಗೆಯ ಮೇಲೆ ಕೂರಿಸಿ, ಹಗ್ಗ ಕಟ್ಟಿ, ಹೊರಗೋಡೆಯುದ್ದಕ್ಕೂ ಮೇಲೆಳೆದು ನಾಲ್ಕನೇ ಮಹಡಿಯ ಕಿಟಕಿಯಿಂದ ಒಳಗೆ ಇಳಿಸಿದರು.

ಅಧಿಕಾರಿ ಎದ್ದು ಕೈಕುಲುಕಿದರು. "ಅಭಿನಂದನೆಗಳು! ನಿಯಮ ಹನ್ನೊಂದರನ್ವಯ ನಾಲ್ಕನೇ ಮಹಡಿ ತಲುಪಿದವರ ಶ್ವಾಸಕೋಶ ಸದೃಢ. ಸ್ಕ್ಯಾನ್ ಅನಗತ್ಯ."

"ಹತ್ತಿಲ್ಲ ಸಾರ್, ಎಳೆದಿದ್ದು! ನೀವೇ ನೋಡಿದ್ರಲ್ಲ!"

"ಹೇಗೆ ಬಂದರು ಅನ್ನೋದಕ್ಕೆ ಫಾರಮ್ಮಿನಲ್ಲಿ ಜಾಗ ಇಲ್ಲಮ್ಮ."

"ಮತ್ತೆ ಮೂರನೇ ಮಹಡಿಯವರು?"

"ಅವರು ಗೈರುಹಾಜರು. ಆರೋಗ್ಯದ ಬಗ್ಗೆ ಆಸಕ್ತಿಯಿಲ್ಲದವರು."

ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದ. ಕೆಮ್ಮು ಬಂತು. ಅಧಿಕಾರಿ ಅದನ್ನು ಸಮ್ಮತಿ ಎಂದು ದಾಖಲಿಸಿಕೊಂಡು ಆರೋಗ್ಯ ಪ್ರಮಾಣಪತ್ರಕ್ಕೆ ಮೊಹರು ಒತ್ತಿದರು.

ಸಂಜೆ ಸ್ಕ್ಯಾನ್ ಗಾಡಿ ಯಾರನ್ನೂ ಮುಟ್ಟದೆ ಹೊರಟುಹೋಯಿತು. ಬಡಾವಣೆಯಲ್ಲಿ ಒಬ್ಬರಿಗೂ ಕಾಯಿಲೆಯಿಲ್ಲವೆಂದು ಪ್ರಕಟಣೆ ಹೊರಬಿತ್ತು. ಈ ಯಶಸ್ಸಿನಿಂದ ಉತ್ತೇಜಿತವಾದ ಇಲಾಖೆ ಕಚೇರಿಯನ್ನು ಆರನೇ ಮಹಡಿಗೆ ವರ್ಗಾಯಿಸಿತು. ಮೂರನೇ ಮಹಡಿಯವರಿಗೆ ಬೆಂಚು ಮಂಜೂರಾಯಿತು. ಅವರು ಕೃತಜ್ಞತಾಪತ್ರ ಬರೆದರು.

ಮೇಸ್ತ್ರಿಯ ಮನೆಗೆ ನೆರೆಹೊರೆಯವರು ಪ್ರಮಾಣಪತ್ರ ನೋಡಲು ಬಂದರು. ಅವನು ಎದೆ ಹಿಡಿದು ಐದು ನಿಮಿಷ ಕೆಮ್ಮಿದ. ಹೆಂಡತಿ ಮುಖ ತಿರುಗಿಸಿಕೊಂಡಳು. ಬಂದವರು ಮಾತ್ರ ಮೆಚ್ಚಿ ತಲೆದೂಗಿದರು:

"ಆರೋಗ್ಯವಂತರ ಕೆಮ್ಮೇ ಬೇರೆ ಬಿಡಿ. ಎಷ್ಟು ಗಟ್ಟಿ!"