ಫ್ರೀಜರ್ ಮೇಲೊಂದು ಬೆಟ್ಟ

ನಮ್ಮ ಆಲ್ಟೂನಾದಲ್ಲಿ ನಾನು ಕಾರ್ಪೆಟ್ ಹಾಸದ ಮನೆ ಇದ್ದರೆ, ಅದು ಇನ್ನೂ ಕಟ್ಟದ ಮನೆ. ಮೂವತ್ತು ವರ್ಷಗಳಲ್ಲಿ ಈ ಲೆನ್ ಸೋಬ್‌ಚಾಕ್‌ನ ಅಳತೆ ಒಂದೇ ಒಂದು ಸಲ ತಪ್ಪಿದೆ; ಅದೂ ಗೋಡೆಯ ತಪ್ಪು. ಇಂಥ ನನಗೆ, ಪುಟ್ಟ ಹಳಿಗಳ ಮೇಲೆ ಪುಟ್ಟ ರೈಲು ಓಡಿಸುವವರ ಮಾದರಿ ರೈಲು ಸಂಘದ ಅಧ್ಯಕ್ಷ ಕ್ಲೈಡ್ ಹಾರ್ಟ್‌ಜೆಲ್, ನನ್ನದೇ ಅಂಗಡಿಯಲ್ಲಿ, ನನ್ನದೇ ಕಾರ್ಪೆಟ್ ಸುರುಳಿಯ ಮೇಲೆ ಕುಳಿತು, ನನ್ನದೇ ಕಾಫಿ ಕುಡಿಯುತ್ತ ಹೇಳುತ್ತಾನೆ:

"ಹೊಸಬ ನೀನು, ಲೆನ್. ಮೊದ್ಲು ಕಾಗದದ ಮೇಲೆ ನಕ್ಷೆ ಬರಿ. ಒಂದೇ ಒಂದು ಸುತ್ತು, ಪಕ್ಕದಲ್ಲೊಂದು ಕವಲು ಹಳಿ. ಅಷ್ಟೇ ಸಾಕು. ಬೆಟ್ಟ ಗಿಟ್ಟ ಅಂತ ಹೋಗ್ಬೇಡ."

ಹೊಸಬ! ಮೈಯೆಲ್ಲ ಉರಿದುಹೋಯಿತು. ಆ ಕ್ಷಣವೇ ಪಣ ತೊಟ್ಟೆ: ಬೆಟ್ಟವನ್ನೇ ಕಟ್ಟುತ್ತೇನೆ! ಬೆಟ್ಟಕ್ಕೊಂದು ಸುರಂಗ, ಸುರಂಗಕ್ಕೊಂದು ಸೇತುವೆ! ಗೋಡೆಯಿಂದ ಗೋಡೆಗೆ ಹಳಿ!

ಈ ಸಿಟ್ಟಿಗೆ ಬೇರು ಆಳದಲ್ಲಿದೆ. ಇದು ರೈಲಿನ ಊರು. ಇಲ್ಲಿ ಯಾರ ಅಜ್ಜನನ್ನು ಕೇಳಿದರೂ ಒಬ್ಬ ಎಂಜಿನ್ ಓಡಿಸಿದವನು, ಇನ್ನೊಬ್ಬ ಬಾಯ್ಲರ್ ಬಡಿದವನು. ನನ್ನ ಅಜ್ಜ ಮಾತ್ರ ಬನ್ ಸುಟ್ಟವನು. ಎಲ್ಲಿ ನಾಲ್ಕು ಜನ ಸೇರಿದರೂ ನಾನು "ಓ, ಬನ್ನಿನವರ ಮೊಮ್ಮಗ". ಸಂಘದ ಸದಸ್ಯನಾದರೆ ಒಂದು ಬಿಲ್ಲೆ, ಒಂದು ಪಟ್ಟೆಪಟ್ಟೆ ಟೋಪಿ ಕೊಡುತ್ತಾರೆ. ಆ ಟೋಪಿ ಹಾಕಿಕೊಂಡು ಊರ ಬೀದಿಯಲ್ಲಿ ಒಂದು ಸಲ ನಡೆದುಬಿಟ್ಟರೆ ಮೂರು ತಲೆಮಾರಿನ ಹಿಟ್ಟು ಕೊಡವಿ ಹೋಗುತ್ತದೆ! ಷರತ್ತು ಇಷ್ಟೇ: ಅರ್ಜಿ ಹಾಕಿದವನ ಮನೆಯಲ್ಲಿ, ಸಂಘದವರ ಕಣ್ಣೆದುರು, ರೈಲು ಹತ್ತು ಸುತ್ತು ಓಡಬೇಕು. ನಡುವೆ ಯಾರ ಕೈಯೂ ಅದನ್ನು ಮುಟ್ಟಬಾರದು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ನೆಲಮಾಳಿಗೆಗೆ ಮರ ಸಾಗಿಸುತ್ತಿದ್ದಾಗ ಹೆಂಡತಿ ಡೊಲೋರೆಸ್ ಮೆಟ್ಟಿಲ ಮೇಲೆ ನಿಂತು ಕೇಳಿದಳು:

"ನಕ್ಷೆ ಎಲ್ಲಿ?"

"ತಲೆಯಲ್ಲಿ!"

"ಸರಿ ಬಿಡು, ಅಲ್ಲಿ ಜಾಗಕ್ಕೇನು ಬರ."

ನಾನು ಬಾಯಿಗೆ ಮೊಳೆ ತುಂಬಿಕೊಂಡು ಸುತ್ತಿಗೆ ಎತ್ತಿಕೊಂಡೆ.

ಆರು ವಾರ ದುಡಿದೆ ಸ್ವಾಮಿ! ಕಾರ್ಪೆಟ್ ಹಾಸುವ ಹಾಗೆಯೇ ಮೂಲೆಯಿಂದ ಮೂಲೆಗೆ ಅಳೆದು, ಗೋಡೆಗೆ ಒತ್ತಿ, ಹಲಗೆ ಹಾಕುತ್ತ ಬಂದೆ. ಕೊನೆಯ ವಾರಕ್ಕೆ ಉಳಿದದ್ದು ಒಂದೇ ಮೂಲೆ. ಅಲ್ಲಿ ಡೊಲೋರೆಸಳ ಫ್ರೀಜರ್ ಕೂತಿತ್ತು, ಶವಪೆಟ್ಟಿಗೆಯಷ್ಟು ಉದ್ದದ್ದು. ನಮ್ಮ ಚರ್ಚಿನ ಹೆಂಗಸರೆಲ್ಲ ಸೇರಿ, ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬುಗಳನ್ನು ಏಳು ನೂರರ ಮೇಲೆ ಮಡಚಿ, ಚರ್ಚಿನ ಸೋರುವ ಚಾವಣಿಯ ರಿಪೇರಿಗಾಗಿ ಶನಿವಾರ ಮಧ್ಯಾಹ್ನ ಮಾರಲೆಂದು ಅದರೊಳಗೆ ಇಟ್ಟಿದ್ದರು.

"ಫ್ರೀಜರ್ ಕಡೆ ಮಾತ್ರ ಹೋಗ್ಬೇಡ, ಲೆನ್."

"ಅದನ್ನ ಮುಟ್ಟೋದೂ ಇಲ್ಲ ಮಾರಾಯ್ತಿ! ಅದರ ಮೇಲಿಂದ ಹಾದುಹೋಗ್ತೀನಿ. ಎರಡು ಬೆರಳು ಅಂತರ ಬಿಟ್ಟಿದ್ದೀನಿ!"

ಬಿಟ್ಟಿದ್ದೆ ಕೂಡ. ಕರಾರುವಾಕ್ಕಾಗಿ ಎರಡು ಬೆರಳು! ಅದರ ಮೇಲೆ ಹಲಗೆ, ಹಲಗೆಯ ಮೇಲೆ ಜಾಲರಿ, ಜಾಲರಿಯ ಮೇಲೆ ಪ್ಲಾಸ್ಟರ್ ಮೆತ್ತಿ ಬೆಟ್ಟ ಎಬ್ಬಿಸಿದೆ. ಮುಂದೆ ಎರಡು ದಪ್ಪ ಕಾಲು ಕೊಟ್ಟು ನೆಲಕ್ಕೆ ಬಿಗಿದೆ. ಹಸಿರು ಬಳಿದೆ. ಶುಕ್ರವಾರ ಸಂಜೆ ನಿಂತು ನೋಡಿದೆ. ಕಣ್ಣು ಒದ್ದೆಯಾಯಿತು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಕೆಳಗಿನಿಂದ ಕೂಗು ಬಂತು: "ಲೆನರ್ಡ್!"

ನನ್ನ ಪೂರ್ತಿ ಹೆಸರು ಹಿಂದೆ ಕೇಳಿಬಂದದ್ದು ಮದುವೆಯ ದಿನ, ಪಾದ್ರಿಯ ಬಾಯಲ್ಲಿ. ಇಳಿದು ಓಡಿದೆ.

ಡೊಲೋರೆಸ್ ಫ್ರೀಜರಿನ ಮುಚ್ಚಳ ಎತ್ತುತ್ತಿದ್ದಳು. ಮುಚ್ಚಳ ಎರಡು ಬೆರಳು ಎದ್ದು, 'ಟಕ್' ಎಂದು ನನ್ನ ಬೆಟ್ಟದ ಬುಡಕ್ಕೆ ತಾಗಿ, ನಿಂತಿತು.

ನಿಮಗೆ ಗೊತ್ತಿರಲಿ, ಕಾರ್ಪೆಟ್ಟಿಗೆ ಉದ್ದವಿದೆ, ಅಗಲವಿದೆ. ಎತ್ತರ ಎಂಬುದನ್ನು ಕಾರ್ಪೆಟ್ ವ್ಯಾಪಾರಿ ಜನ್ಮದಲ್ಲಿ ಅಳೆಯುವವನಲ್ಲ. ಮುಚ್ಚಳ ಎಂಬುದು ಮೇಲಕ್ಕೆ ಏಳುವ ವಸ್ತು ಎಂದು ನನಗೆ ಯಾರೂ ಹೇಳಿರಲಿಲ್ಲ!

"ಫ್ರೀಜರನ್ನ ಮುಂದಕ್ಕೆ ಎಳೆಯೋಣ" ಎಂದೆ.

"ನಿನ್ನ ಬೆಟ್ಟದ ಕಾಲು ಅಡ್ಡ ಇದೆ."

"ಹಾಗಾದ್ರೆ ಮುಚ್ಚಳದ ಸ್ಕ್ರೂ ಬಿಚ್ಚೋಣ."

"ಸ್ಕ್ರೂ ಹಿಂದುಗಡೆ ಇದೆ. ಹಿಂದೆ ಗೋಡೆ ಇದೆ. ಗೋಡೆಗೂ ಗರಗಸ ಹಾಕ್ತೀಯೇನು?" ಎಂದವಳೇ ಕೈಗೆ ಗರಗಸ ತೆಗೆದುಕೊಂಡಳು. "ಕಾಲು ಕತ್ತರಿಸ್ತೀನಿ."

"ಯಾರ ಕಾಲು?"

"ಇನ್ನೂ ತೀರ್ಮಾನ ಮಾಡಿಲ್ಲ."

ಆಗ ನನಗೂ ಸಿಟ್ಟು ನೆತ್ತಿಗೇರಿತು. "ಹತ್ತಕ್ಕೆ ಕ್ಲೈಡ್ ಪರೀಕ್ಷೆಗೆ ಬರ್ತಾನೆ! ಇದು ನನ್ನ ಮಾನದ ಪ್ರಶ್ನೆ! ಕಡುಬಿಗಾಗಿ ನನ್ನ ಬೆಟ್ಟ ಕಡಿತೀಯಾ?"

"ಹನ್ನೆರಡಕ್ಕೆ ಇಡೀ ಊರು ತಟ್ಟೆ ಹಿಡ್ಕೊಂಡು ಬರುತ್ತೆ! ನಿನ್ನ ಗೊಂಬೆ ರೈಲಿಗಾಗಿ ಚರ್ಚ್ ಸೋರ್ಲಾ?"

ಗೊಂಬೆ ರೈಲು! ಮೂವತ್ತೊಂದು ವರ್ಷದ ಸಂಸಾರದಲ್ಲಿ ಇಷ್ಟು ಕೆಟ್ಟ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಆದರೂ ತಡೆದುಕೊಂಡೆ. ವ್ಯಾಪಾರಿಯಲ್ಲವೇ! ಎರಡೂ ಕಡೆ ನಷ್ಟವಾಗದ ಒಂದು ಉಪಾಯ ಹೊಳೆಯಿತು. ವ್ಯಾನಿನಿಂದ ಕಾರಿನ ಜಾಕ್ ತಂದೆ. ಬೆಟ್ಟದ ಎರಡೂ ಕಾಲುಗಳನ್ನು ನೆಲಕ್ಕೆ ಬಿಗಿದ ಮೊಳೆ ಕಿತ್ತು, ಹಲಗೆಗೆ ಜಾಕ್ ಕೊಟ್ಟು, ಬೆಟ್ಟವನ್ನೇ ಒಂದು ಗೇಣು ಮೇಲೆತ್ತುವುದು. ಸಂದಿಯಲ್ಲಿ ಡೊಲೋರೆಸ್ ಕೈ ಹಾಕಿ ಪೊಟ್ಟಣ ಎಳೆಯುವುದು. ಆಮೇಲೆ ಬೆಟ್ಟ ಇಳಿಸುವುದು. ರೈಲೂ ಉಳಿಯಿತು, ಕಡುಬೂ ಉಳಿಯಿತು!

ಜಾಕ್ ತಿರುಗಿಸಿದೆ. ಬೆಟ್ಟ ಎದ್ದಿತು! ಮೊದಲ ಪೊಟ್ಟಣ ಹೊರಬಂತು, ಎರಡನೆಯದು ಬಂತು.

"ಇನ್ನೂ ಸ್ವಲ್ಪ ಎತ್ತು" ಎಂದಳು.

ಎತ್ತಿದೆ. ಗೋಡೆಯ ಮೊಳೆಗಳು ಪಟಪಟನೆ ಕಿತ್ತುಬಂದವು. ಸೇತುವೆ ಮುರಿಯಿತು. ಸುರಂಗ ಬಾಯಿ ಬಿಟ್ಟಿತು. ಜಾಕ್ ಜಾರಿತು! ಬೆಟ್ಟ ಬೀಳುವ ಮೊದಲು ನಾನು ಹಲಗೆಯ ಕೆಳಗೆ ಹೆಗಲು ಕೊಟ್ಟಿದ್ದೆ. ಮುಖ ಗೋಡೆಗೆ, ಬೆನ್ನು ಲೋಕಕ್ಕೆ, ಹೆಗಲ ಮೇಲೆ ಒಂದು ಪರ್ವತ.

"ಅಲ್ಲಾಡ್ಬೇಡ" ಎಂದಳು ಡೊಲೋರೆಸ್. "ಈಗ ಮುಚ್ಚಳ ಚೆನ್ನಾಗಿ ತೆರಿತಾ ಇದೆ."

ಅಷ್ಟರಲ್ಲಿ ಚರ್ಚಿನ ಹೆಂಗಸರು ಇಳಿದು ಬಂದರು. ನನ್ನ ಕಂಕುಳ ಕೆಳಗಿಂದ ಪೊಟ್ಟಣಗಳು ಸಾಲಾಗಿ ಹೊರಟವು. ಅವರ ಮುಖ್ಯಸ್ಥೆ ವೆರೋನಿಕಾ ನನ್ನ ಬೆನ್ನು ತಟ್ಟಿದಳು. "ನಮ್ಮ ಕೆಲಸಕ್ಕೆ ಇಷ್ಟು ಒತ್ತಾಸೆಯಾಗಿ ನಿಂತ ಗಂಡಸರನ್ನ ನಾನು ನೋಡೇ ಇಲ್ಲ, ಲೆನ್!"

ಹಲ್ಲು ಕಡಿದೆ. ಬಾಯಿಗೆ ಪ್ಲಾಸ್ಟರ್ ಪುಡಿ ಬಂತು.

ಹತ್ತಕ್ಕೆ ಹದಿನೈದು ನಿಮಿಷ ಇರುವಾಗಲೇ ಕ್ಲೈಡನ ದನಿ ಕೇಳಿತು. ಎಂಜಿನ್ ಓಡಿಸಿದವರಿಗೆ ಹೊತ್ತಿಗೆ ಮುಂಚೆ ಬರುವ ದರಿದ್ರ ಚಾಳಿ.

"ಲೆನ್, ನಿನ್ನ ರೈಲು ಎಲ್ಲಿ?"

"ಹೆಗಲ ಮೇಲಿದೆ! ಮೊದ್ಲು ಬಂದು ಕೈ ಹಾಕಯ್ಯಾ!"

"ಪರೀಕ್ಷಕರು ಅರ್ಜಿದಾರರಿಗೆ ಸಹಾಯ ಮಾಡೋ ಹಾಗಿಲ್ಲ. ನಿಯಮ" ಎಂದ ಪಾಪಿ. "ಹತ್ತು ಸುತ್ತು ಓಡದಿದ್ರೆ ಮುಂದಿನ ವರ್ಷ ನೋಡೋಣ."

ಆಗ ಡೊಲೋರೆಸ್ ನಿಟ್ಟುಸಿರು ಬಿಟ್ಟಳು. "ಒಂದು ವರ್ಷ ಇವನ ಗೊಣಗಾಟ ನನ್ನ ಕೈಲಿ ಆಗಲ್ಲ. ವೆರೋನಿಕಾ, ನಿಮ್ಮ ಮಡಚೋ ಮೇಜು ಎರಡು ಕೆಳಗೆ ತನ್ನಿ. ಕ್ಲೈಡ್, ಅರ್ಧ ಗಂಟೆ ಕೊಡಿ."

ಮುಂದಿನದ್ದೆಲ್ಲ ನಾನು ಕಿವಿಯಿಂದಷ್ಟೇ ಬಲ್ಲೆ. ಪೆನ್ಸಿಲ್ ಕಾಗದದ ಮೇಲೆ ಕರಕರ ಎಂದಿತು. ಅಳತೆ ಪಟ್ಟಿ ಎಳೆದ ಸದ್ದಾಯಿತು, ಮೂರು ಸಲ. ಒಂದು ಸಲ ಮೇಲ್ಮುಖವಾಗಿ! ನನ್ನ ಹಳಿಗಳನ್ನು ಕೀಳುವ, ಮತ್ತೆ ಜೋಡಿಸುವ ಸದ್ದು. ಆಮೇಲೆ ನನ್ನ ಎಂಜಿನ್ ಗುರುಗುಟ್ಟಿತು. ಹೆಂಗಸರು ಎಣಿಸತೊಡಗಿದರು: "ಒಂದು... ಎರಡು..." ನಾನು ಉಸಿರು ಬಿಗಿಹಿಡಿದೆ. "ಒಂಬತ್ತು... ಹತ್ತು!" ಚಪ್ಪಾಳೆ! ಹೆಗಲಿನ ನೋವೂ ಮರೆತು ಕೂಗಿದೆ:

"ಟೋಪಿ ಕೊಡು, ಕ್ಲೈಡ್!"

ಆಮೇಲೆ ನಾಲ್ಕು ಜನ ಸೇರಿ ನನ್ನನ್ನು ಬೆಟ್ಟದಡಿಯಿಂದ ಬಿಡಿಸಿದರು. ತಿರುಗಿ ನೋಡಿದೆ. ಎರಡು ಮೇಜು, ಒಂದು ಸುತ್ತು, ಒಂದು ಕವಲು ಹಳಿ. ಪಟ್ಟೆಪಟ್ಟೆ ಟೋಪಿ ಡೊಲೋರೆಸಳ ತಲೆಯ ಮೇಲಿತ್ತು.

"ಅನ್ಯಾಯ!" ಎಂದು ಅರಚಿದೆ. "ಎಂಜಿನ್ ನಂದು! ಹಳಿ ನಂದು!"

"ಹಾದಿ ಅವರದು" ಎಂದ ಕ್ಲೈಡ್. ಅವನ ಬಾಯಿ ತುಂಬ ಕಡುಬು. "ನೀನು ಮುಂದಿನ ವರ್ಷಕ್ಕೆ ಹೊಸ ಅರ್ಜಿ ಹಾಕು. ಎರಡನೇ ಸಲ ಹಾಕೋರಿಗೆ ಸದಸ್ಯರೊಬ್ಬರ ಶಿಫಾರಸು ಬೇಕು ಅಷ್ಟೇ. ಮನೇಲೇ ಒಬ್ಬರಿದ್ದಾರಲ್ಲ."

ಹೊಸ ಅರ್ಜಿ ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಆರು ದಿನವಾಯಿತು. ಇಂದು ಬೆಳಿಗ್ಗೆ ಸಿಟ್ಟು ನುಂಗಿಕೊಂಡು, ಅವಳಿಗೆ ನಾನೇ ಕಾಫಿ ಮಾಡಿಕೊಟ್ಟು ಕೇಳಿದೆ:

"ಅರ್ಜಿ ತುಂಬಿದೆಯಾ, ಡೊಲೋರೆಸ್?"

"ತುಂಬ್ತಾ ಇದ್ದೀನಿ. 'ಅರ್ಜಿದಾರರನ್ನು ಎಷ್ಟು ಕಾಲದಿಂದ ಬಲ್ಲಿರಿ?' ಅಂತ ಇತ್ತು. ಮೂವತ್ತೊಂದು ವರ್ಷ ಅಂತ ಬರೆದೆ."

"ಭೇಷ್! ಆಮೇಲೆ?"

"ಆಮೇಲಿನ ಪ್ರಶ್ನೆ, 'ಇವರು ಇನ್ನೊಬ್ಬರು ಹೇಳಿದ್ದನ್ನು ಕೇಳುವ ಸ್ವಭಾವದವರೇ?' ಅಂತ." ಅವಳು ಟೋಪಿ ಸರಿಮಾಡಿಕೊಂಡಳು. "ನಾನು ಚರ್ಚಿಗೆ ಹೋಗೋ ಹೆಂಗಸು, ಲೆನ್. ಸುಳ್ಳು ಬರೆಯೋಕೆ ಸ್ವಲ್ಪ ಟೈಮ್ ಕೊಡು."