ಕೋಡುಬಳೆ ಡಬ್ಬಿ, ಹೊಗೆ ಡಬ್ಬಿ

ಇಷ್ಟವಾದ ವಸ್ತುವನ್ನು ಬಳಸದೆಯೇ ಕಾಪಾಡುವವರ ಗುಂಪಿಗೆ ಸೇರಿದವನು ನಾನು. ನಮ್ಮ ಟಿವಿ ರಿಮೋಟಿನ ಪ್ಲಾಸ್ಟಿಕ್ ಕವರನ್ನು ಇನ್ನೂ ಬಿಚ್ಚಿಲ್ಲ; ಅದು ಮಬ್ಬಾಗಿ ಒಳಗಿನ ಅಂಕಿಗಳು ಕಾಣದೆ, ವಾರ್ತೆ ನೋಡಲು ಹೋಗಿ ಅಡುಗೆ ಕಾರ್ಯಕ್ರಮ ನೋಡುತ್ತೇವೆ. ದೀಪಾವಳಿಯ ಅಂಗಿಯನ್ನು ಬೀರುವಿನಲ್ಲಿ ಜೋಪಾನ ಮಾಡಿ, ಹೊಟ್ಟೆ ಬೆಳೆದು ಗುಂಡಿ ಕೂರದಂತಾದ ಮೇಲೆ ಬಾಮೈದನಿಗೆ ದಾನ ಮಾಡುತ್ತೇನೆ. "ನಿಮಗೆ ಆಯುಸ್ಸು ಕೊಟ್ರೂ ನಾಳೆಗಿರ್ಲಿ ಅಂತ ಎತ್ತಿಡ್ತೀರಿ" ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜ.

ಇಂಥವನ ಕೈಗೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಸಿಕ್ಕಿತು. ಜೆ.ಪಿ. ನಗರದ ನಮ್ಮ ಬಾಡಿಗೆ ಮನೆಯ ಮುಂದೆ ಅದು ಸದಾ ಟಾರ್ಪಾಲು ಹೊದ್ದು ಮಲಗಿರುತ್ತಿತ್ತು. ಅಮ್ಮನಿಗೆ ಮಾತ್ರ ಆ ಕಾರು ಬೇಕೇ ಬೇಕಿತ್ತು. ಮಂಡಿನೋವಿನಿಂದ ಅವಳಿಗೆ ಆಟೋದಲ್ಲಿ ಕಾಲು ಮಡಿಸಲಾಗದು; ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಕಾಲು ನೀಡಿಕೊಂಡು ಕೂರಬಹುದಿತ್ತು. ವಿಲ್ಸನ್ ಗಾರ್ಡನ್ನಿನಲ್ಲಿರುವ ಅವಳ ತಂಗಿ, ನಮ್ಮ ಶಾರದ ಚಿಕ್ಕಮ್ಮ, ಬಚ್ಚಲಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದಿದ್ದಳು. ಅಕ್ಕತಂಗಿಯರು ದಿನವೂ ಫೋನಿನಲ್ಲಿ "ಇವತ್ತೇನು ಸಾರು" ಎಂದು ಕೇಳಿಕೊಳ್ಳುತ್ತಿದ್ದರೇ ಹೊರತು ಮುಖ ನೋಡಿ ತಿಂಗಳುಗಳಾಗಿದ್ದವು.

"ಎಮಿಷನ್ ಸರ್ಟಿಫಿಕೇಟ್ ಮುಗಿದಿದೆಯಮ್ಮ. ಪೊಲೀಸ್ ಹಿಡೀತಾರೆ. ಟೆಸ್ಟ್ ಪಾಸಾದ ತಕ್ಷಣ ಕರ್ಕೊಂಡ್ ಹೋಗ್ತೀನಿ" ಎಂದೆ. ಅಮ್ಮ ಅಂದೇ ತಂಗಿಗೆಂದು ಕೋಡುಬಳೆ ಕರಿದು ಡಬ್ಬಿಗೆ ತುಂಬಿದಳು.

ಹೊಗೆ ತಪಾಸಣೆಯ ವ್ಯಾನು ನಿಲ್ಲುತ್ತಿದ್ದುದು ನಮ್ಮ ರಸ್ತೆ ಇಳಿದರೆ ಸಿಗುವ ಪೆಟ್ರೋಲ್ ಬಂಕಿನಲ್ಲಿ. ಪರೀಕ್ಷೆಗೆ ಹೊರಟ ಮಗುವನ್ನು ದಾರಿಯಲ್ಲಿ ಮಣ್ಣಾಡಲು ಬಿಡುತ್ತೇವೆಯೇ? ಬೆಳಗ್ಗೆಯೇ ಟಾರ್ಪಾಲು ತೆಗೆದು, ಒರೆಸಿ, ಇಂಜಿನ್ನನ್ನೇ ಹಚ್ಚದೆ ಇಳಿಜಾರಿನಲ್ಲಿ ಕಾರನ್ನು ತೇಲಿಸಿಕೊಂಡು ಹೋದೆ. ಅಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಅದು ಕೆಮ್ಮಿತು. ವ್ಯಾನಿನವರು ಹೊಗೆ ಕೊಳವೆಯೊಳಗೆ ನಳಿಗೆ ತೂರಿಸಿ, ಕಂಪ್ಯೂಟರ್ ನೋಡಿ, "ಫೇಲ್ ಸಾರ್" ಎಂದರು. ಮನೆಗೆ ಬಂದು ದುಃಖಕ್ಕೆ ಕೋಡುಬಳೆ ತಿಂದೆವು. ಮುಂದಿನ ವಾರ ಅಮ್ಮ ಮತ್ತೆ ಕರಿದಳು, ಕಾರು ಮತ್ತೆ ಫೇಲಾಯಿತು, ನಾವು ಮತ್ತೆ ತಿಂದೆವು. ಚಿಕ್ಕಮ್ಮನ ಪಾಲಿನ ಕೋಡುಬಳೆ ತಿಂದು ಬೆಳೆದ ನನ್ನ ಹೊಟ್ಟೆ ಇನ್ನೊಂದು ಅಂಗಿಯನ್ನು ಬಾಮೈದನಿಗೆ ದಾಟಿಸಿತು.

ಬಿ.ಟಿ.ಎಂ. ಲೇಔಟಿನಿಂದ ಮನೆಗೇ ಕರೆಸಿದ ಮೆಕ್ಯಾನಿಕ್ ಮುನಿರಾಜು ಕಾರಿನ ಕೆಳಗೆ ತೂರಿ ಹೊರಬಂದ. "ಇದ್ರಲ್ಲಿ ಹೊಗೆ ಕ್ಲೀನ್ ಮಾಡೋ ಡಬ್ಬಿ ಇದೆ ಸಾರ್, ಕನ್ವರ್ಟರ್. ಅದೇ ಕೆಟ್ಟೋಗಿದೆ. ಕಿತ್ತಾಕಿ ನೇರ ಪೈಪ್ ಕೊಟ್ಬಿಡ್ತೀನಿ, ಪಿಕಪ್ ಸಖತ್ತಾಗ್ ಬರುತ್ತೆ" ಎಂದ. ನಾನು ತಲೆಯಾಡಿಸುವುದರಲ್ಲಿದ್ದೆ. ಸಂಜೆ ವಿಷಯ ಕೇಳಿದ ಅಮ್ಮ, "ಹೊಟ್ಟೆನೋವು ಅಂದ್ರೆ ಹೊಟ್ಟೇನೇ ತೆಗೆಸ್ತಾರೇನೋ?" ಎಂದಳು. ಡಬ್ಬಿ ಉಳಿಯಿತು. ಕಾರನ್ನು ಮಾರಿಬಿಡುವುದೇ ವಾಸಿ ಎಂದು ನಾನು ಗೊಣಗಿದೆ. ಅಮ್ಮ ಮತ್ತೆ ಬಾಣಲೆ ಒಲೆಗಿಟ್ಟಳು.

ಭಾನುವಾರ ಬೆಳಗ್ಗೆ ಹೊರಗೆ ಬಂದು ನೋಡಿದರೆ, ಟಾರ್ಪಾಲು ಕೆಳಗೆ ಬಿದ್ದಿದೆ, ಅಮ್ಮ ತೊಡೆಯ ಮೇಲೆ ಕೋಡುಬಳೆ ಡಬ್ಬಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಾಳೆ.

"ಅಮ್ಮ, ಸರ್ಟಿಫಿಕೇಟ್…"

"ಪೊಲೀಸ್ನೋರ್ ಹಿಡಿದ್ರೆ ನಾನ್ ಮಾತಾಡ್ತೀನಿ. ಅವ್ರಿಗೂ ಎರಡು ಕೋಡುಬಳೆ ಕೊಟ್ರಾಯ್ತು. ನೀನು ಹೊರಡು."

ಪೊಲೀಸರು ಹಿಡಿಯಲಿಲ್ಲ. ಚಿಕ್ಕಮ್ಮ ಅಕ್ಕನ ಕೈ ಹಿಡಿದುಕೊಂಡು, "ಬಂದ್ಯಾ" ಎಂದಳು. ಅಮ್ಮ "ಹ್ಞೂಂ" ಎಂದಳು. ಆಮೇಲೆ ಇಬ್ಬರೂ ಸಾರಿನ ವಿಷಯಕ್ಕೆ ಬಂದರು. ನನಗೆ ಕಣ್ಣು ತುಂಬಿ ಬಂದು, ಗೋಡೆಯ ಕ್ಯಾಲೆಂಡರ್ ಓದುತ್ತಾ ನಿಂತೆ.

ವಾಪಸು ಬರುವಾಗ ಬಂಕು ಸಿಕ್ಕಿತು. ಹೇಗೂ ಫೇಲಾಗುವುದೇ, ನೋಡೋಣ ಎಂದು ತಿರುಗಿಸಿದೆ. ಪಾಸಾಯಿತು. ನನಗೆ ನಂಬಿಕೆಯೇ ಬರಲಿಲ್ಲ. "ಇವತ್ತು ದೂರದಿಂದ ಬಂದ್ರಾ ಸಾರ್? ಹೊಗೆ ಕ್ಲೀನ್ ಮಾಡೋ ಡಬ್ಬಿ ಚೆನ್ನಾಗಿ ಕಾದ್ರೇನೇ ಕೆಲಸ ಮಾಡೋದು" ಎಂದರು ವ್ಯಾನಿನವರು.

"ಹೆಂಚು ಕಾಯದೆ ದೋಸೆ ಏಳುತ್ತಾ?" ಎಂದಳು ಅಮ್ಮ. ಗೇಟಿನ ಹತ್ತಿರ ಇಳಿಸುವಾಗ ನನ್ನ ಭುಜ ಹಿಡಿದುಕೊಂಡು ಮೆತ್ತಗೆ ಸೇರಿಸಿದಳು: "ಕಾರನ್ನ ಬೈಬೇಡ ಕಣೋ. ಮನೇಲೇ ಕೂರಿಸಿಟ್ರೆ ಯಾರೇ ಆದ್ರೂ ಹೊಗೆ ಬಿಡ್ತಾರೆ."

ಅಂದಿನಿಂದ ಚಿಕ್ಕಮ್ಮ ಎದ್ದು ಓಡಾಡುವವರೆಗೂ, ಆಮೇಲೂ, ಭಾನುವಾರಗಳಂದು ಕಾರು ವಿಲ್ಸನ್ ಗಾರ್ಡನ್ನಿಗೆ ಹೋಯಿತು. ಟಾರ್ಪಾಲು ಎಲ್ಲಿ ಹೋಯಿತೋ ತಿಳಿಯದು.

ಈಗ ಅಮ್ಮನೂ ಇಲ್ಲ, ಆ ಕಾರೂ ಇಲ್ಲ. ನಿವೃತ್ತನಾದ ನಾನು ಬೆಳಗ್ಗೆ ಪೇಪರು ಹಿಡಿದು ಕೂತಲ್ಲೇ ಲೋಕವನ್ನೆಲ್ಲ ಬೈಯುತ್ತಿರುತ್ತೇನೆ. ಗಿರಿಜ ವಾದ ಮಾಡುವುದಿಲ್ಲ. ಕೈಗೆ ಚೀಲ ಕೊಟ್ಟು, "ಜಯನಗರ ಮಾರ್ಕೆಟ್ಟಿನವರೆಗೂ ನಡ್ಕೊಂಡು ಹೋಗಿಬನ್ನಿ" ಎನ್ನುತ್ತಾಳೆ. ಬರುವಾಗ ಕೊತ್ತಂಬರಿ ಸೊಪ್ಪು ತಂದಿರುತ್ತೇನೆ. ಅವಳು ಬಾಗಿಲಲ್ಲೇ ನನ್ನ ಮುಖ ನೋಡಿ, "ಪಾಸು" ಎಂದು ಒಳಗೆ ಬಿಡುತ್ತಾಳೆ.